ಯುವಿ ದೀಪ ಅಳವಡಿಸಿದರೂ ತೊಟ್ಟಿಯ ಬ್ಯಾಕ್ಟೀರಿಯಾ ಎಣಿಕೆ ಇಳಿಯುತ್ತಿಲ್ಲ, ಏಕೆ?

ಪ್ರಶ್ನೆ (ಮರಿಸಾಕಣೆ)
ನಮ್ಮದು ಸಿಹಿನೀರಿನ ಮೀನುಮರಿಗಳ ಘಟಕ. ಒಂದೇ ನೀರನ್ನು ಶೋಧಿಸಿ ಮರುಬಳಸುತ್ತೇವೆ. ಒಟ್ಟು 50 ಘನ ಮೀಟರ್ ನೀರಿದೆ. ಮರಿಗಳಲ್ಲಿ ಕಿವಿರಿನ ಸೋಂಕು ಎರಡು ಬಾರಿ ಕಾಣಿಸಿಕೊಂಡ ಮೇಲೆ, ಗಂಟೆಗೆ 10 ಘನ ಮೀಟರ್ ಹರಿಯುವ ಕವಲು ಕೊಳವೆಯೊಂದರಲ್ಲಿ ಬ್ಯಾಕ್ಟೀರಿಯಾ ಕೊಲ್ಲುವ ಯುವಿ (ನೇರಳಾತೀತ ಕಿರಣದ) ದೀಪವನ್ನು ಕೂರಿಸಿದೆವು. ದೀಪಕ್ಕೆ ಹೋಗುವ ನೀರಿನಲ್ಲಿ ಮಿಲಿಲೀಟರಿಗೆ ಸುಮಾರು 40,000 ಕಾಲೊನಿಗಳಿದ್ದರೆ (ತಟ್ಟೆಯಲ್ಲಿ ಬೆಳೆಸಿ ಎಣಿಸುವ ಬ್ಯಾಕ್ಟೀರಿಯಾ ಗುಂಪುಗಳು), ಹೊರಬರುವ ನೀರಿನಲ್ಲಿ 40ರಷ್ಟೇ ಇವೆ. ಆದರೆ ಆರು ವಾರ ಕಳೆದರೂ ತೊಟ್ಟಿಯ ಎಣಿಕೆ ಮಾತ್ರ 40,000ದ ಆಸುಪಾಸಿನಲ್ಲೇ ನಿಂತಿದೆ. ಅದೇ ಕವಲಿನಲ್ಲಿ ಇನ್ನೊಂದು ದೀಪ ಸೇರಿಸಬೇಕೇ, ಇಲ್ಲವೇ ಬ್ಯಾಕ್ಟೀರಿಯಾ ಕೊಲ್ಲುವ ಅನಿಲವಾದ ಓಝೋನ್‌ಗೆ ಹೋಗಬೇಕೇ? ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ (ಹರಿವಿನ ಲೆಕ್ಕ)
ತಮ್ಮ ದೀಪ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ. ತೊಡಕಿರುವುದು ಹರಿವಿನಲ್ಲಿ. 50 ಘನ ಮೀಟರಿನಲ್ಲಿ ಗಂಟೆಗೆ 10 ಮಾತ್ರ ದೀಪದ ಮುಂದೆ ಹಾದು, ಶುದ್ಧವಾದದ್ದು ಮತ್ತೆ ತೊಟ್ಟಿಯಲ್ಲೇ ಬೆರೆಯುವುದರಿಂದ, ಹಾದುಹೋದ ಬ್ಯಾಕ್ಟೀರಿಯಾ ಒಂದೂ ಉಳಿಯದೆ ಸತ್ತರೂ ತೊಟ್ಟಿಯ ಎಣಿಕೆ ಅರ್ಧಕ್ಕಿಳಿಯಲು ಸುಮಾರು ಮೂರೂವರೆ ಗಂಟೆ ಬೇಕಾಗುತ್ತದೆ. ಬೆಚ್ಚಗಿನ ನೀರಿನಲ್ಲಿ ಆಹಾರ ಸಿಕ್ಕ ಬ್ಯಾಕ್ಟೀರಿಯಾ ಮೂರು ಗಂಟೆಯೊಳಗೇ ಇಮ್ಮಡಿಯಾಗಬಲ್ಲದು. ಅಂದರೆ ದೀಪ ಕೊಂದಷ್ಟನ್ನು ತೊಟ್ಟಿ ಅಷ್ಟರಲ್ಲೇ ತುಂಬಿಕೊಳ್ಳುತ್ತದೆ. ಅದೇ ಕವಲಿಗೆ ಎರಡನೇ ದೀಪ ಹಾಕಿದರೆ ಈಗ ಸಾಯುತ್ತಿರುವ ಶೇಕಡಾ 99.9 ಎಂಬುದು 99.99 ಇಲ್ಲವೇ ಅದಕ್ಕೂ ಹೆಚ್ಚು ಆಗುತ್ತದೆಯೇ ಹೊರತು ತೊಟ್ಟಿಗೆ ಆ ವ್ಯತ್ಯಾಸ ತಿಳಿಯುವುದೇ ಇಲ್ಲ. (ನಾನೂ ಹಿಂದೊಮ್ಮೆ ಇದೇ ತಪ್ಪನ್ನು ಮಾಡಿ, ದೊಡ್ಡ ದೀಪಕ್ಕೆ ಹಣ ಸುರಿದವನೇ.)

ಪೂರ್ತಿ ಹರಿವು, ಅಂದರೆ ಗಂಟೆಗೆ 50 ಘನ ಮೀಟರ್, ದೀಪದ ಮೂಲಕ ಹಾದರೆ ಅರ್ಧಕ್ಕಿಳಿಯುವ ಅವಧಿ ಮುಕ್ಕಾಲು ಗಂಟೆಗೂ ಕಡಿಮೆಯಾಗುತ್ತದೆ. ಹರಿವು ಹೆಚ್ಚಿದಂತೆ ನೀರಿಗೆ ಬೀಳುವ ಯುವಿಯ ಪ್ರಮಾಣ ಇಳಿಯುವುದರಿಂದ ಆಗ ಬೇಕಾಗುವುದು ಅದಕ್ಕೆ ತಕ್ಕ ದೀಪ. ಅದಕ್ಕೂ ಮೊದಲು ಬ್ಯಾಕ್ಟೀರಿಯಾದ ಆಹಾರವನ್ನು ನೋಡಿ. ತಿನ್ನದೆ ಉಳಿದ ಮೇವು, ಮಲ, ಗೋಡೆಗೆ ಅಂಟಿದ ಲೋಳೆ ಇವೆಲ್ಲ ಇರುವವರೆಗೆ, ಕೊಂದು ಖಾಲಿ ಮಾಡಿದ ಜಾಗವನ್ನು ಬೇಗ ಬೆಳೆಯುವ ತಳಿಗಳೇ ಮೊದಲು ಹಿಡಿಯುತ್ತವೆ. ಅವಕಾಶ ಸಿಕ್ಕರೆ ರೋಗ ತರುವ ತಳಿಗಳು ಹೆಚ್ಚಾಗಿ ಆ ಗುಂಪಿನಲ್ಲೇ ಇರುವುದರಿಂದ, ಒಟ್ಟು ಸಂಖ್ಯೆ ಕಡಿಮೆಯಿದ್ದರೂ ಮರಿಗಳಿಗೆ ಕೆಡುಕಾಗಬಹುದು.

ಉತ್ತರ (ಅಗಾರ್ ತಟ್ಟೆ)
ಮೇಲಿನವರ ಮಾತನ್ನು ಒಪ್ಪುತ್ತೇನೆ. ಆದರೆ ಎಣಿಕೆಯ ಬಗ್ಗೆಯೇ ನನಗೊಂದು ಅನುಮಾನವಿದೆ. ಹೊರಹರಿವಿನ 40 ಎಂಬ ಸಂಖ್ಯೆ ಎಲ್ಲಿಂದ ಬಂತು? ಅಗಾರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ) ತಟ್ಟೆಗೆ 0.1 ಮಿಲಿಲೀಟರ್ ಹರಡಿದ್ದರೆ ತಾವು ಕಂಡದ್ದು ನಾಲ್ಕೇ ನಾಲ್ಕು ಕಾಲೊನಿ. 30ರಿಂದ 300 ಕಾಲೊನಿಗಳಿರುವ ತಟ್ಟೆಯ ಎಣಿಕೆಯನ್ನಷ್ಟೇ ನೆಚ್ಚಿಕೊಳ್ಳುವುದು ರೂಢಿ. ಹೊರಹರಿವಿನ ನೀರನ್ನು 0.45 ಮೈಕ್ರಾನ್ ರಂಧ್ರದ ಶೋಧಕ ಹಾಳೆಯ ಮೂಲಕ 2 ಅಥವಾ 3 ಮಿಲಿಲೀಟರ್ ಹಾಯಿಸಿ, ಆ ಹಾಳೆಯನ್ನೇ ಅಗಾರ್ ಮೇಲಿಟ್ಟು ಬೆಳೆಸಿದರೆ ಎಣಿಸಲು ಸಾಕಷ್ಟು ಕಾಲೊನಿಗಳು ಸಿಗುತ್ತವೆ.

ತಟ್ಟೆಗಳನ್ನು 37 ಡಿಗ್ರಿಯಲ್ಲಿಡದೆ ತೊಟ್ಟಿಯ ನೀರಿನ ಉಷ್ಣತೆಯ ಹತ್ತಿರವೇ ಇಡಿ. ಯುವಿಯಿಂದ ಗಾಯಗೊಂಡ ಬ್ಯಾಕ್ಟೀರಿಯಾ ಬೆಳಕು ಸಿಕ್ಕರೆ ತನ್ನ ಡಿಎನ್‌ಎಯನ್ನು ಭಾಗಶಃ ಸರಿಪಡಿಸಿಕೊಳ್ಳಬಲ್ಲದು. ಆದ್ದರಿಂದ ಮಾದರಿಯ ಬಾಟಲಿಯನ್ನು ಕತ್ತಲಲ್ಲಿ, ಮಂಜುಗಡ್ಡೆಯ ಮೇಲೆ ಇಟ್ಟು, ಆರು ಗಂಟೆಯೊಳಗೆ ತಟ್ಟೆಗೆ ಹಾಕುವುದು ಒಳ್ಳೆಯದು. ನೀರಿನ ಬ್ಯಾಕ್ಟೀರಿಯಾದಲ್ಲಿ ಅಗಾರ್ ಮೇಲೆ ಬೆಳೆಯುವುದು ಬಹಳ ಸಣ್ಣ ಭಾಗ. ಹಾಗಾಗಿ ಒಂದು ದಿನದ ಅಂಕಿಗಿಂತ, ಪ್ರತಿ ವಾರವೂ ಮೇವು ಹಾಕುವ ಮೊದಲು, ಅದೇ ಜಾಗದಿಂದ, ಅದೇ ಅಗಾರ್‌ನಲ್ಲಿ ತೆಗೆದ ಅಂಕಿಗಳ ಏರಿಳಿತಕ್ಕೆ ಹೆಚ್ಚು ಬೆಲೆ.

ಉತ್ತರ (ಹಳೆಯ ಕೈ)
ಓಝೋನ್ ಕುರಿತು ಎರಡು ಮಾತು. ಅದು ನೀರಿನ ಬಣ್ಣ, ಕಲಕು ಎರಡನ್ನೂ ತಗ್ಗಿಸಿ ಯುವಿಗೆ ನೆರವಾಗುತ್ತದೆಂಬುದು ನಿಜ. ಆದರೆ ದೊಡ್ಡ ಸಾವಯವ ಅಣುಗಳನ್ನು ಅದು ಚಿಕ್ಕದಾಗಿ ಒಡೆಯುವುದರಿಂದ ಬ್ಯಾಕ್ಟೀರಿಯಾಕ್ಕೆ ಸುಲಭವಾಗಿ ಜೀರ್ಣವಾಗುವ ಊಟವನ್ನೂ ಬಡಿಸಿದಂತಾಗುತ್ತದೆ. ಉಳಿಕೆ ಓಝೋನ್ ಅತಿ ಸ್ವಲ್ಪ ತೊಟ್ಟಿ ಸೇರಿದರೂ ಮೊದಲು ಸುಡುವುದು ಕಿವಿರನ್ನೇ; ತಮ್ಮ ಮರಿಗಳು ಈಗಾಗಲೇ ಅದರಲ್ಲೇ ಸೋತಿವೆ. ಓಆರ್‌ಪಿ ಮಾಪಕವಿಟ್ಟು (ನೀರಿನ ಉತ್ಕರ್ಷಣ ಬಲವನ್ನು ಅಳೆಯುವ ಸಾಧನ), ಸಿಹಿನೀರಿನ ತೊಟ್ಟಿಯಲ್ಲಿ ಸುಮಾರು 300 ಮಿಲಿವೋಲ್ಟ್ ತಲುಪುತ್ತಿದ್ದಂತೆ ಉತ್ಪಾದಕ ತಾನಾಗಿ ನಿಲ್ಲುವ ಏರ್ಪಾಡಿಲ್ಲದೆ ಅದಕ್ಕೆ ಕೈ ಹಾಕಬೇಡಿ. ಮಾಪಕದ ಕಡ್ಡಿಗೆ ಲೋಳೆ ಹಿಡಿದರೆ ಅದೂ ತಪ್ಪು ಅಂಕಿಯನ್ನೇ ತೋರಿಸುತ್ತದೆ ಎಂಬುದನ್ನು ಮರೆಯಬಾರದು.

ಇನ್ನು ದೀಪ. ನೀಲಿಯಾಗಿ ಉರಿಯುತ್ತಿದೆಯೆಂದ ಮಾತ್ರಕ್ಕೆ ಅದು ಕೊಲ್ಲುತ್ತಿದೆ ಎಂದಲ್ಲ. ಕೆಲಸ ಮಾಡುವ 254 ನ್ಯಾನೋಮೀಟರ್ ಕಿರಣ ಕಣ್ಣಿಗೆ ಕಾಣದು, ಕಾಲ ಕಳೆದಂತೆ ಕುಂದುತ್ತಲೂ ಹೋಗುತ್ತದೆ. ಸಾಮಾನ್ಯ ದೀಪಗಳನ್ನು ಸುಮಾರು 9,000 ಗಂಟೆ ಉರಿದ ಬಳಿಕ, ಅಂದರೆ ಸರಿಸುಮಾರು ವರ್ಷಕ್ಕೊಮ್ಮೆ, ಬದಲಿಸುತ್ತಾರೆ. ಕ್ವಾರ್ಟ್ಸ್ ಕೊಳವೆಯನ್ನು ಬಿಚ್ಚಿ ಬೆರಳಾಡಿಸಿ ನೋಡಿ: ಒರಟಾಗಿ ತಗುಲಿದರೆ ಸುಣ್ಣ ಕಟ್ಟಿದೆ ಎಂದರ್ಥ, ತೆಳು ಸಿಟ್ರಿಕ್ ಆಮ್ಲದಲ್ಲಿ ಒರೆಸಿದರೆ ಬಿಡುತ್ತದೆ. ಬಿಚ್ಚುವ ಮೊದಲು ವಿದ್ಯುತ್ ತಪ್ಪಿಸಿರಬೇಕು. ಆ ಬೆಳಕನ್ನು ಬರಿಗಣ್ಣಿನಿಂದ ನೋಡಬಾರದು.

ಪ್ರಶ್ನಿಸಿದವರು (ಮರಿಸಾಕಣೆ)
ಎಲ್ಲರಿಗೂ ಕೃತಜ್ಞತೆಗಳು. ದಾಖಲೆ ಪುಸ್ತಕ ತೆಗೆದು ನೋಡಿದೆ. ನಾನು ಬರೆದ 40 ನಿಜಕ್ಕೂ ಒಂದೇ ತಟ್ಟೆಯಲ್ಲಿ ಕಂಡ ನಾಲ್ಕು ಕಾಲೊನಿ. ಎರಡನೇ ದೀಪದ ಯೋಚನೆಯನ್ನು ಕೈಬಿಟ್ಟಿದ್ದೇನೆ. ಕಸ ಸೋಸುವ ಡ್ರಮ್ ಫಿಲ್ಟರಿನ ಜಾಲರಿ ಒಂದು ಕಡೆ ಹರಿದು, ಮಲ ಹಾಗೆಯೇ ಬಯೋಫಿಲ್ಟರ್ (ಉಪಕಾರಿ ಬ್ಯಾಕ್ಟೀರಿಯಾ ನೆಲೆಸಿರುವ ಶೋಧಕ) ಸೇರುತ್ತಿದ್ದುದೂ ಇಂದು ಬೆಳಿಗ್ಗೆ ಕಣ್ಣಿಗೆ ಬಿತ್ತು. ಜಾಲರಿ ಬದಲಿಸುವಾಗ ಬಯೋಫಿಲ್ಟರನ್ನೂ ಕ್ಲೋರಿನ್‌ನಿಂದ ತೊಳೆದುಬಿಡಲೇ?

ಉತ್ತರ (ಹಳೆಯ ಕೈ)
ಖಂಡಿತ ಬೇಡ. ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾವೂ ಕ್ಲೋರಿನ್‌ಗೆ ಸಿಕ್ಕಿ ಸಾಯುತ್ತದೆ. ಅದು ಮತ್ತೆ ನೆಲೆಗೊಳ್ಳಲು ವಾರಗಳೇ ಬೇಕು, ಅಲ್ಲಿಯವರೆಗೆ ಮರಿಗಳು ಅಮೋನಿಯಾದಲ್ಲೇ ಉಸಿರಾಡಬೇಕಾಗುತ್ತದೆ. ತಳದಲ್ಲಿ ಕೂತ ಕೆಸರನ್ನು ಮಾತ್ರ ಹೀರಿ ತೆಗೆದು, ಆ ಬ್ಯಾಕ್ಟೀರಿಯಾ ಅಂಟಿರುವ ಬಿಲ್ಲೆಗಳನ್ನು ತೊಟ್ಟಿಯದೇ ನೀರಿನಲ್ಲಿ ಹಗುರವಾಗಿ ಜಾಲಾಡಿಸಿ.