ಬೀಗ ಗಟ್ಟಿಯಿದ್ದರೆ ಸಾಲದು: ಅಪರಾಧ ವಿಭಾಗದ ನಿವೃತ್ತ ಪೊಲೀಸ್ ಅಧಿಕಾರಿಯೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಕುವೆಂಪುನಗರ, ಮೈಸೂರು): ನಮಸ್ಕಾರ ಸರ್. ನಮ್ಮ ತಂದೆ ತಾಯಿ ಸರಸ್ವತಿಪುರಂನ ಹಳೆಯ ಮನೆಯಲ್ಲಿ ಇಬ್ಬರೇ ಇದ್ದಾರೆ. ತಂಗಿಯ ಬಾಣಂತನಕ್ಕೆಂದು ಮುಂದಿನ ತಿಂಗಳು ಪುಣೆಗೆ ಹೊರಟವರು ಮೂರು ತಿಂಗಳು ಅಲ್ಲಿಯೇ ಇರುತ್ತಾರೆ. ನಾನು ವಾರಕ್ಕೆ ಎರಡು ಸಲ ಹೋಗಿ ನೋಡಿಬರಬಲ್ಲೆ. ಅದೇ ಬೀದಿಯ ಮನೆಯೊಂದಕ್ಕೆ ಇತ್ತೀಚೆಗೆ ಕಳ್ಳರು ನುಗ್ಗಿದ ಮೇಲೆ ಅಪ್ಪ ಏಳು ಲಿವರಿನ ದೊಡ್ಡ ಬೀಗವೊಂದನ್ನು ತಂದಿಟ್ಟುಕೊಂಡು, ಇದನ್ನು ಒಡೆಯಲು ಆನೆಯೇ ಬರಬೇಕು ಎನ್ನುತ್ತಿದ್ದಾರೆ. ಇಷ್ಟು ಸಾಕೇ?

ಉತ್ತರ: ನಮಸ್ಕಾರ ತಾಯಿ. ತಂದೆಯವರು ತಂದಿರುವ ಬೀಗ ಒಳ್ಳೆಯದೇ ಇರಬಹುದು. ಆದರೆ ನಾನು ಸೇವೆಯಲ್ಲಿದ್ದಾಗ ನೋಡಿದ ಕನ್ನಗಳವಿನ ಸ್ಥಳಗಳಲ್ಲಿ ಬೀಗ ಒಡೆದದ್ದಕ್ಕಿಂತ ಬೀಗ ನೇತುಹಾಕಿದ್ದ ಚಿಲಕವೇ ಕಿತ್ತುಬಂದದ್ದು ಹೆಚ್ಚು. ಒಂದು ಮನೆಯಲ್ಲಂತೂ ಬೀಗಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಹಾಕಿದ್ದು ಹಾಕಿದಂತೆಯೇ, ಚಿಲಕ, ಕೊಂಡಿ ಮತ್ತು ನಾಲ್ಕು ಸ್ಕ್ರೂಗಳ ಸಮೇತ ಅದು ಬಾಗಿಲ ಮೆಟ್ಟಿಲ ಮೇಲೆ ಬಿದ್ದಿತ್ತು. ಸ್ಕ್ರೂಗಳನ್ನು ಅಳೆದು ನೋಡಿದರೆ ಮುಕ್ಕಾಲು ಇಂಚು. ಬೀಗಕ್ಕೆ ಕೈಬಿಚ್ಚಿ ಖರ್ಚು ಮಾಡಿದವರು ಸ್ಕ್ರೂ ವಿಷಯದಲ್ಲಿ ಬಡಗಿಯ ಡಬ್ಬಿಯಲ್ಲಿ ಉಳಿದದ್ದನ್ನೇ ಸಾಕೆಂದುಕೊಂಡಿದ್ದರು. ಒಂದು ಕಬ್ಬಿಣದ ಹಾರೆಯನ್ನು ಚಿಲಕದ ಸಂದಿಗೆ ತೂರಿಸಿ ಮೀಟಿದರೆ ಅಂಥ ಸ್ಕ್ರೂ ಅರೆಗಳಿಗೆಯೂ ತಡೆಯುವುದಿಲ್ಲ. ಆದ್ದರಿಂದ ಬಡಗಿಯನ್ನು ಕರೆಸಿ, ಚಿಲಕವನ್ನು ಕದದ ದಪ್ಪವನ್ನು ದಾಟಿ ಒಳಗಡೆ ನಟ್ಟು ಬರುವಂಥ ಬೋಲ್ಟುಗಳಿಂದ ಹಾಕಿಸಿ. ಚೌಕಟ್ಟಿನ ಕಡೆಯ ಕೊಂಡಿಗೆ ಕನಿಷ್ಠ ಎರಡೂವರೆ ಇಂಚಿನ ಸ್ಕ್ರೂ ಇರಲಿ.

ಇನ್ನೊಂದು ಮಾತು. ಮುಂಬಾಗಿಲಿನ ಮೇಲೆ ತೂಗುವ ದೊಡ್ಡ ಬೀಗ, ಒಳಗೆ ಯಾರೂ ಇಲ್ಲವೆಂದು ಬೀದಿಗೆಲ್ಲ ಡಂಗುರ ಸಾರುತ್ತದೆ. ಕದದೊಳಗೇ ಕೂರಿಸುವ ಲಾಕ್ ಹಾಕಿಸಿದರೆ ಮನೆಯಲ್ಲಿ ಜನರಿದ್ದಾರೋ ಇಲ್ಲವೋ ಎಂಬುದು ಗೇಟಿನಾಚೆ ನಿಂತವನಿಗೆ ತಿಳಿಯುವುದಿಲ್ಲ. ಹಾಗೆ ಹಾಕಿಸಿದ ಮೇಲೆ ಬಾಗಿಲನ್ನು ಎಳೆದುಕೊಂಡು ಹೊರಡುವ ಅಭ್ಯಾಸವನ್ನು ಬಿಟ್ಟು, ಬೀಗದ ಕೈಯನ್ನು ಪೂರ್ತಿ ಎರಡು ಸುತ್ತು ತಿರುಗಿಸಬೇಕು. ತಂದೆಯವರು ತಂದ ಬೀಗ ವ್ಯರ್ಥವಾಗುವುದಿಲ್ಲ. ಅದನ್ನು ಹಿತ್ತಿಲ ಗೇಟಿಗೆ ಹಾಕಿ.

ಹಿತ್ತಿಲೆಂದ ಕೂಡಲೇ ಹೇಳಬೇಕಾದದ್ದು ಬಹಳವಿದೆ. ಸರಸ್ವತಿಪುರಂ, ಚಾಮರಾಜಪುರಂ, ಒಂಟಿಕೊಪ್ಪಲಿನ ಹಳೆಯ ಮನೆಗಳಲ್ಲಿ ಮುಂಬಾಗಿಲು ತೇಗದ ಜೋಡಿ ಕದವಾಗಿರುತ್ತದೆ, ಅದರೆದುರು ಕಬ್ಬಿಣದ ಗ್ರಿಲ್ ಕೂಡ ಇರುತ್ತದೆ. ಅದೇ ಮನೆಯ ಹಿಂಬಾಗಿಲು ಮಾತ್ರ ಮಳೆನೀರು ಕುಡಿದು ಊದಿಕೊಂಡ ಹಲಗೆಯದು. ಕಳ್ಳ ತೇಗದ ಬಾಗಿಲಿನ ತಂಟೆಗೇ ಬರುವುದಿಲ್ಲ. ತಾರಸಿಗೆ ಹೋಗುವ ಮೆಟ್ಟಿಲಿನ ತುದಿಯ ಬಾಗಿಲನ್ನೂ ನೋಡಿ. ಪಕ್ಕದ ಮನೆಯ ತಾರಸಿಯಿಂದ ನಿಮ್ಮದಕ್ಕೆ ಒಂದೇ ನೆಗೆತವಾಗಿದ್ದರೆ ಅದೂ ಒಂದು ಮುಂಬಾಗಿಲೇ. ಬಚ್ಚಲುಮನೆಯ ಕಿಟಕಿಯಲ್ಲಿ ಒಂದರ ಮೇಲೊಂದು ಜೋಡಿಸಿದ ಗಾಜಿನ ಪಟ್ಟಿಗಳಿದ್ದರೆ, ಹೊರಗೆ ನಿಂತು ಅವುಗಳಲ್ಲೊಂದನ್ನು ನೀವೇ ಮೆಲ್ಲಗೆ ಎಳೆದು ನೋಡಿ. ಅದು ಸದ್ದಿಲ್ಲದೆ ಕೈಗೆ ಬಂದರೆ ಒಳಗಡೆ ಸರಳು ಹಾಕಿಸುವುದು ಅನಿವಾರ್ಯ. ಕಿಟಕಿಯ ಗ್ರಿಲ್ ಅನ್ನು ಹೊರಗಿನಿಂದ ಸ್ಕ್ರೂ ಹಾಕಿ ಕೂರಿಸಿದ್ದರೆ ಸ್ಕ್ರೂಗಳ ತಲೆಯನ್ನು ವೆಲ್ಡಿಂಗ್ ಮಾಡಿಸಬೇಕು.

ಬೀದಿಯಲ್ಲಿ ಹಗಲು ಹೊತ್ತು ಸುತ್ತಾಡಿ ಮನೆ ಗೊತ್ತುಮಾಡಿಕೊಳ್ಳುವವನು ಮೊದಲು ನೋಡುವುದು ಬೀಗವನ್ನೂ ಅಲ್ಲ, ಬಾಗಿಲ ಮುಂದಿನ ನೆಲವನ್ನು. ಬೀದಿಯಲ್ಲಿ ಎಲ್ಲರ ಮನೆಯ ಮುಂದೆ ಬೆಳಗ್ಗೆ ನೀರು ಹಾಕಿ ರಂಗೋಲಿ ಬಿಟ್ಟಿದ್ದು, ಒಂದು ಮನೆಯ ಮುಂದೆ ಮಾತ್ರ ಒಣಗಿದ ಎಲೆ ಬಿದ್ದಿದ್ದರೆ ಅವನು ಗೇಟು ಅಲುಗಿಸಿ ನೋಡಬೇಕಾದ ಅಗತ್ಯವೇ ಇಲ್ಲ. ಕೆಲಸದಾಕೆಗೆ ಮೂರು ತಿಂಗಳ ಸಂಬಳ ನಿಲ್ಲಿಸದೆ, ದಿನವೂ ಬಂದು ಅಂಗಳ ಗುಡಿಸಿ ರಂಗೋಲಿ ಹಾಕುವಂತೆ ಹೇಳಿ. ಮನೆಯೊಳಗಿನ ಬೀಗದ ಕೈ ಆಕೆಯ ಬಳಿ ಇರಬೇಕಾಗಿಲ್ಲ. ಹಾಲು, ಪತ್ರಿಕೆ ನಿಲ್ಲಿಸಿ. ಹೊರಗಿನ ದೀಪವನ್ನು ಹಗಲೂ ರಾತ್ರಿ ಉರಿಯಲು ಬಿಟ್ಟು ಹೋಗುವುದು ಬೇಡ, ಮಧ್ಯಾಹ್ನ ಉರಿಯುವ ದೀಪವೂ ಬೀಗದಷ್ಟೇ ಮಾತಾಡುತ್ತದೆ. ಕತ್ತಲಾದಾಗ ತಾನೇ ಹೊತ್ತಿ ಬೆಳಗಾದಾಗ ಆರುವ ಸೆನ್ಸರ್ ದೀಪ ಹಾಕಿಸಿ. ಹೊರಡುವ ದಿನ, ಹಿಂದಿರುಗುವ ದಿನ ಮತ್ತು ನಿಮ್ಮ ಮೊಬೈಲ್ ಸಂಖ್ಯೆಯನ್ನು ನಿಮ್ಮ ವ್ಯಾಪ್ತಿಯ ಠಾಣೆಗೆ ಬರೆದುಕೊಡಿ, ರಾತ್ರಿ ಬೀಟಿನವರಿಗೆ ಯಾವ ಮನೆಯತ್ತ ಟಾರ್ಚು ಬಿಡಬೇಕೆಂಬುದು ತಿಳಿದಿರುತ್ತದೆ.

ಊರಲ್ಲೇ ಇರುವವರಿಗೂ ಒಂದು ಮಾತು: ವಿಜಯದಶಮಿಯ ದಿನ ಜಂಬೂಸವಾರಿಗೆಂದು ಮಧ್ಯಾಹ್ನವೇ ಹೊರಟು, ಬನ್ನಿಮಂಟಪದ ಪಂಜಿನ ಕವಾಯತು ಮುಗಿಸಿಕೊಂಡು ರಾತ್ರಿ ಹಿಂದಿರುಗುವ ಕುಟುಂಬದ ಮನೆ ಏಳೆಂಟು ಗಂಟೆ ಖಾಲಿಯಿರುತ್ತದೆ, ಪೊಲೀಸರ ಗಮನವೂ ಅಂದು ಮೆರವಣಿಗೆಯ ದಾರಿಯ ಮೇಲಿರುತ್ತದೆ. ಮನೆಯಲ್ಲಿ ಒಬ್ಬರಾದರೂ ಉಳಿದು ಟಿವಿಯಲ್ಲಿ ನೋಡಿದರೆ ನಷ್ಟವಿಲ್ಲ.

ಅದೇ ಪ್ರಶ್ನೆಕಾರರು: ತುಂಬಾ ಉಪಕಾರವಾಯಿತು ಸರ್. ಅಮ್ಮನ ಒಡವೆಗಳನ್ನು ಬ್ಯಾಂಕ್ ಲಾಕರಿನಲ್ಲಿಟ್ಟರೆ ಪೂರ್ತಿ ನಿಶ್ಚಿಂತೆಯೇ? ಅಕ್ಕಿ ಡಬ್ಬಿಯೊಳಗೆ ಇಟ್ಟರೆ ಯಾರಿಗೂ ತಿಳಿಯುವುದಿಲ್ಲ ಎನ್ನುತ್ತಾರೆ ಅಮ್ಮ.

ಉತ್ತರ: ಅಕ್ಕಿ ಡಬ್ಬಿ, ದೇವರ ಮನೆ, ಹಾಸಿಗೆಯ ಕೆಳಗೆ, ಬೀರುವಿನ ಸೀರೆಯ ಮಡಿಕೆ: ಕಳ್ಳನೂ ಇಂಥದೇ ಮನೆಯಲ್ಲಿ ಹುಟ್ಟಿ ಬೆಳೆದವನಾದ್ದರಿಂದ ಅವನ ಕೈ ಮೊದಲು ಹೋಗುವುದು ಅಲ್ಲಿಗೇ. ಲಾಕರ್ ಖಂಡಿತ ವಾಸಿ. ಆದರೆ ಒಂದು ಲೆಕ್ಕ ತಿಳಿದಿರಲಿ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ, 2022ರ ಜನವರಿ 1ರಿಂದ, ಕಳವು, ಬೆಂಕಿ ಅಥವಾ ಸಿಬ್ಬಂದಿಯ ವಂಚನೆಯಿಂದ ಲಾಕರಿನಲ್ಲಿದ್ದದ್ದು ಹೋದರೆ ಬ್ಯಾಂಕಿನ ಹೊಣೆ ಲಾಕರಿನ ವಾರ್ಷಿಕ ಬಾಡಿಗೆಯ 100 ಪಟ್ಟು. ವರ್ಷಕ್ಕೆ 3,000 ರೂಪಾಯಿ ಬಾಡಿಗೆ ಕಟ್ಟುವವರಿಗೆ ಅದು 3 ಲಕ್ಷವಾಗುತ್ತದೆ. ಒಡವೆಯ ಬೆಲೆ ಅದನ್ನು ಮೀರುವುದಾದರೆ ಪ್ರತ್ಯೇಕ ವಿಮೆಯನ್ನು ಯೋಚಿಸಿ. ಮನೆ ಇಷ್ಟು ದಿನಕ್ಕಿಂತ ಹೆಚ್ಚು ಖಾಲಿಯಿದ್ದರೆ ಪರಿಹಾರವಿಲ್ಲ ಎಂಬ ಷರತ್ತು ಅದರಲ್ಲಿದೆಯೇ ಎಂದು ಓದಿಕೊಂಡೇ ಸಹಿ ಹಾಕಿ. ಪ್ರತಿಯೊಂದು ಒಡವೆಯ ಚಿತ್ರವನ್ನು ಹತ್ತಿರದಿಂದ ತೆಗೆದಿಟ್ಟುಕೊಳ್ಳಿ. ಹೊಸ ಚಿನ್ನದ ಒಡವೆಗಳ ಮೇಲೆ ಹಾಲ್‌ಮಾರ್ಕಿನ ಜೊತೆಗೆ, ಒಂದೊಂದಕ್ಕೂ ಬೇರೆಯಾದ, ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಗುರುತಿರುತ್ತದೆ, 2023ರ ಏಪ್ರಿಲ್ 1ರಿಂದ ಅದು ಕಡ್ಡಾಯವಾಗಿದೆ; ಅದನ್ನೂ ಬರೆದಿಡಿ. ಸಿಕ್ಕ ಮಾಲನ್ನು ತನ್ನದೆಂದು ತೋರಿಸಲಾಗದೆ ಠಾಣೆಯ ಮೇಜಿನ ಮುಂದೆ ಸುಮ್ಮನೆ ನಿಂತವರನ್ನು ನಾನು ನೋಡಿದ್ದೇನೆ.

ಪ್ರಶ್ನೆ (ಮಂಡ್ಯ ತಾಲ್ಲೂಕು): ಸಾರ್, ನಮ್ಮದು ಹಳ್ಳಿಯ ಹೆಂಚಿನ ಮನೆ. ಕಬ್ಬು ಕಟಾವಿನ ಕಾಲದಲ್ಲಿ ಮನೆಮಂದಿಯೆಲ್ಲ ಗದ್ದೆಗೆ ಹೋಗುತ್ತೇವೆ. ಬೀಗದ ಕೈಯನ್ನು ಸೂರಿನ ಸಂದಿಯಲ್ಲಿ ಇಡುವುದು ರೂಢಿ. ನಮ್ಮಂಥವರು ಏನು ಮಾಡಬೇಕು?

ಉತ್ತರ: ಅಣ್ಣಾ, ಮೊದಲು ಆ ಸೂರಿನ ಸಂದಿಯನ್ನು ಬಿಡಿ. ಅದು ನಿಮ್ಮ ತಾತನ ಕಾಲದಿಂದ ಊರಿಗೆಲ್ಲ ಗೊತ್ತಿರುವ ಜಾಗ. ಪ್ರತಿಯೊಬ್ಬರಿಗೂ ಒಂದೊಂದು ಬೀಗದ ಕೈ ಮಾಡಿಸಿಕೊಡಿ. ಹೆಂಚು ಸರಿಸಿ ಇಳಿಯುವುದು ಸುಲಭವಾದ್ದರಿಂದ, ಮನೆಯಲ್ಲಿ ಆರ್‌ಸಿಸಿ ಹಾಕಿದ ಕೋಣೆ ಒಂದಿದ್ದರೂ ಬೀರುವನ್ನು ಅಲ್ಲಿಗೆ ಸಾಗಿಸಿ. ಇಲ್ಲದಿದ್ದರೆ ಬೀರು ಇರುವ ಕೋಣೆಯ ಹೆಂಚಿನ ಕೆಳಗೆ ಕಬ್ಬಿಣದ ಜಾಲರಿಯನ್ನು ತೊಲೆಗೆ ಬಿಗಿಸಿ. ಕಬ್ಬಿನ ಹಣ ಬಂದ ವಾರ ನಗದನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ.

ಪ್ರಶ್ನೆ (ಜೆ.ಪಿ. ನಗರ, ಮೈಸೂರು): ನಾವು ನಾಲ್ಕು ಸಿಸಿಟಿವಿ ಕ್ಯಾಮೆರಾ ಹಾಕಿಸಿದ್ದೇವೆ. ಬೇರೇನಾದರೂ ಬೇಕೇ?

ಉತ್ತರ: ರೆಕಾರ್ಡ್ ಆಗುವ ಡಿವಿಆರ್ ಪೆಟ್ಟಿಗೆಯನ್ನು ಎಲ್ಲಿಟ್ಟಿದ್ದೀರಿ? ಟಿವಿಯ ಕೆಳಗೆಂದಾದರೆ ಕಳ್ಳ ಅದನ್ನೂ ಹೊತ್ತುಕೊಂಡು ಹೋಗುತ್ತಾನೆ, ನಿಮಗೆ ಉಳಿಯುವುದು ನಾಲ್ಕು ಕ್ಯಾಮೆರಾ ಮಾತ್ರ. ಪೆಟ್ಟಿಗೆ ಮರೆಯಲ್ಲಿರಲಿ, ಚಿತ್ರದ ಪ್ರತಿ ಮೊಬೈಲಿಗೂ ಬರುವಂತಿರಲಿ, ಯುಪಿಎಸ್ ಇರಲಿ, ಹಾಕಿಕೊಟ್ಟವನು ಇಟ್ಟ ಪಾಸ್‌ವರ್ಡನ್ನು ಅಂದೇ ಬದಲಿಸಿ. ತೀರ ಎತ್ತರದಲ್ಲಿ ಕೂರಿಸಿದ ಕ್ಯಾಮೆರಾದಲ್ಲಿ ನಮಗೆ ಸಿಗುತ್ತಿದ್ದದ್ದು ಟೋಪಿಗಳ ಚಿತ್ರ. ಗೇಟಿನ ಬಳಿಯ ಒಂದಾದರೂ ಮುಖದ ಮಟ್ಟಕ್ಕಿರಲಿ.

ಪ್ರಶ್ನೆ (ಬೋಗಾದಿ, ಮೈಸೂರು): ಕಳೆದ ವರ್ಷ ನಮ್ಮ ಮನೆಯಲ್ಲಿ ಕಳವಾದಾಗ ಠಾಣೆಯಲ್ಲಿ ಅರ್ಜಿ ಮಾತ್ರ ತೆಗೆದುಕೊಂಡು, ವಿಚಾರಿಸುತ್ತೇವೆ ಎಂದು ಕಳುಹಿಸಿದರು. ಇದು ಸರಿಯೇ?

ಉತ್ತರ: ಸರಿಯಲ್ಲ. ಕನ್ನಗಳವು ಸಂಜ್ಞೇಯ ಅಪರಾಧ, ಅಂದರೆ ನ್ಯಾಯಾಲಯದ ಅನುಮತಿಗೆ ಕಾಯದೆ ಪೊಲೀಸರೇ ದಾಖಲಿಸಿಕೊಂಡು ತನಿಖೆ ಮಾಡಬೇಕಾದ ಅಪರಾಧ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ವಾಸದ ಮನೆಯ ಕಳವಿಗೆ 305ನೇ ಕಲಂ, ಕನ್ನಕ್ಕೆ 331ನೇ ಕಲಂ ಇವೆ. ತನಿಖೆ, ವಿಚಾರಣೆಯ ಕ್ರಮವನ್ನು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಎಫ್‌ಐಆರ್ ದಾಖಲಿಸಿ ಅದರ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕು. ಠಾಣೆಯವರು ಒಪ್ಪದಿದ್ದರೆ ಮೈಸೂರಿನಲ್ಲಿ ಪೊಲೀಸ್ ಆಯುಕ್ತರ ಕಚೇರಿಗೆ, ಮಂಡ್ಯದಲ್ಲಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಬರೆದು ಕಳುಹಿಸಬಹುದು. ಬಾಗಿಲು ಮುರಿದದ್ದನ್ನು ಕಂಡರೆ ಒಳಗೆ ಹೋಗಬೇಡಿ, ಕಳ್ಳ ಇನ್ನೂ ಒಳಗಿರಬಹುದು. ಹೊರಗೇ ನಿಂತು 112ಕ್ಕೆ ಕರೆ ಮಾಡಿ. ಚೆಲ್ಲಾಪಿಲ್ಲಿಯಾದ ಬೀರುವನ್ನು ನೋಡಲಾಗದೆ ಮನೆಯವರೇ ಸೀರೆ ಮಡಿಸಿಟ್ಟು, ನೆಲ ಒರೆಸಿ, ಬಂದ ಪೊಲೀಸರಿಗೆ ಕಾಫಿ ಕೊಟ್ಟ ಪ್ರಸಂಗವೂ ಇದೆ. ಬೆರಳಚ್ಚು ತಜ್ಞರಿಗೆ ಅಲ್ಲಿ ಏನು ಉಳಿದೀತು?

ಮೊದಲ ಪ್ರಶ್ನೆಕಾರರು: ಸರ್, ಇವತ್ತು ಬಡಗಿಯನ್ನು ಕರೆದುಕೊಂಡು ಹೋಗಿದ್ದೆ. ಹಿಂಬಾಗಿಲಿನ ಚೌಕಟ್ಟಿಗೆ ಸ್ಕ್ರೂಡ್ರೈವರ್ ಒತ್ತಿದರೆ ಬೆಣ್ಣೆಗೆ ಇಳಿದಂತೆ ಇಳಿಯಿತು. ಒಳಗೆಲ್ಲ ಗೆದ್ದಲು.

ಉತ್ತರ: ಹಾಗಿದ್ದರೆ ಅಲ್ಲಿಗೆ ಹೊಸ ಚಿಲಕ ಹಾಕಿಸಬೇಡಿ ತಾಯಿ, ಹಣ ದಂಡ. ಚೌಕಟ್ಟು ಬದಲಿಸಲು ಹೊರಡುವ ಮುನ್ನ ಸಮಯ ಸಾಲದಿದ್ದರೆ, ಬಾಗಿಲಿನ ಒಳಗಡೆ ಎರಡೂ ಬದಿಯ ಗೋಡೆಗೆ ಕಬ್ಬಿಣದ ಕೊಕ್ಕೆಗಳನ್ನು ಆಂಕರ್ ಬೋಲ್ಟ್ ಹಾಕಿ ಕೂರಿಸಿ, ಅವುಗಳ ನಡುವೆ ಅಡ್ಡಪಟ್ಟಿ ಇಳಿಬಿಡುವಂತೆ ಮಾಡಿಸಿ. ಗೋಡೆಗೆ ಗೆದ್ದಲು ಹಿಡಿದಿರುವುದಿಲ್ಲ. ಮುಂಬಾಗಿಲಿನಿಂದ ಹೊರಡುವ ಮುನ್ನ ಪಟ್ಟಿ ಹಾಕಿದ್ದನ್ನು ನೀವೇ ಒಮ್ಮೆ ಕೈಯಿಟ್ಟು ನೋಡಿ.