ವಿದೇಶಗಳಲ್ಲಿ ಕಂಡ ಮಿತಬಳಕೆ: ಜನರ ಸ್ವಭಾವವೋ, ಕಾನೂನಿನ ಫಲವೋ?

ಪ್ರಶ್ನೆ:
ಬರ್ಲಿನ್‌ನ ಅಂಗಡಿಯೊಂದರಲ್ಲಿ ಜನರು ಖಾಲಿ ಬಾಟಲಿಗಳ ಚೀಲ ಹಿಡಿದು ಯಂತ್ರದ ಮುಂದೆ ಸಾಲುಗಟ್ಟಿ, ಒಂದೊಂದನ್ನೇ ಒಳಗಿಟ್ಟು ಚೀಟಿ ಪಡೆಯುತ್ತಿದ್ದುದನ್ನು ಕಂಡೆ. ಮುಂದೆ ಜಪಾನಿನ ಕ್ಯೋಟೊದಲ್ಲಿ ನಾನು ತಂಗಿದ್ದ ಮನೆಯವರು ಮೊದಲು ಹೊರಗೆ ಮೈ ತೊಳೆದುಕೊಂಡು, ಆಮೇಲೆ ಬಿಸಿನೀರಿನ ತೊಟ್ಟಿಗೆ ಇಳಿಯುತ್ತಿದ್ದರು. ಅದೇ ನೀರಿನಲ್ಲಿ ಮನೆಮಂದಿಯೆಲ್ಲ ಸರದಿಯಂತೆ ಮಿಂದ ಬಳಿಕ, ಉಳಿದದ್ದು ಬಟ್ಟೆ ಒಗೆಯುವ ಯಂತ್ರಕ್ಕೆ ಹೋಗುತ್ತಿತ್ತು. ಆದರೆ ಅದೇ ಊರಿನಲ್ಲಿ ಕೊಂಡ ಬಿಸ್ಕತ್ತಿನ ಪೆಟ್ಟಿಗೆಯಲ್ಲಿ ಪ್ರತಿ ಬಿಸ್ಕತ್ತಿಗೂ ಬೇರೆ ಪ್ಲಾಸ್ಟಿಕ್ ಹೊದಿಕೆಯಿತ್ತು. ನೀರಿನ ವಿಷಯದಲ್ಲಿ ಇಷ್ಟು ಎಚ್ಚರವಿರುವ ಜನ ಪ್ಲಾಸ್ಟಿಕ್ಕಿನಲ್ಲಿ ಹೀಗೇಕೆ? ಮಿತಬಳಕೆ ಸಂಸ್ಕೃತಿಯಿಂದ ಬರುತ್ತದೆಯೋ, ಕಾನೂನಿನಿಂದಲೋ?

ಉತ್ತರ 1:
ಜರ್ಮನಿಯಲ್ಲಿ ಹಲವು ವರ್ಷ ಇದ್ದವನಾಗಿ ಹೇಳುವುದಾದರೆ, ಆ ಸಾಲಿಗೆ ಮೂಲ ಕಾರಣ ಹಣ. 2003ರಿಂದ ಅಲ್ಲಿ ಒಮ್ಮೆ ಬಳಸಿ ಬಿಡುವ ಬಾಟಲಿ, ಡಬ್ಬಿಗಳ ಮೇಲೆ ಕಡ್ಡಾಯ ಠೇವಣಿಯಿದೆ; ಕೊಳ್ಳುವಾಗ ಕೊಟ್ಟ ಆ ಹಣ ಖಾಲಿ ಬಾಟಲಿ ಮರಳಿಸಿದಾಗ ವಾಪಸು ಸಿಗುತ್ತದೆ. ಈಗ ಅದು 25 ಸೆಂಟ್, ಅಂದರೆ ಕಾಲು ಯೂರೋ. ಮತ್ತೆ ಮತ್ತೆ ತುಂಬಿಸುವ ಬಿಯರ್ ಬಾಟಲಿಗೆ ಸಾಮಾನ್ಯವಾಗಿ 8 ಸೆಂಟ್ ಮಾತ್ರ. ಖಾಲಿ ಬಾಟಲಿಯನ್ನು ಎಸೆದರೆ ಎಸೆದದ್ದು ನಮ್ಮದೇ ದುಡ್ಡು. ಆದರೂ ಕಾನೂನಿನಲ್ಲಿ ಎಲ್ಲಿಯೂ ಇಲ್ಲದ ಒಂದು ರೂಢಿ ನನ್ನ ಮನಸ್ಸನ್ನು ತಟ್ಟಿದೆ. ಉದ್ಯಾನಗಳಲ್ಲಿ ಅನೇಕರು ಬಾಟಲಿಯನ್ನು ಕಸದ ಬುಟ್ಟಿಗೆ ಹಾಕದೆ ಅದರ ಪಕ್ಕದಲ್ಲಿ ನಿಲ್ಲಿಸಿ ಹೋಗುತ್ತಾರೆ. ಠೇವಣಿಯ ಹಣಕ್ಕಾಗಿ ಬಾಟಲಿ ಆಯುವ ಬಡವರು ಕಸದೊಳಗೆ ಕೈಹಾಕುವಂತಾಗಬಾರದು ಎಂಬುದು ಅವರ ಕಾಳಜಿ. ಕಾನೂನು ಹಾಕಿಕೊಟ್ಟ ದಾರಿಯಲ್ಲಿ ಮರ್ಯಾದೆಯೊಂದು ತಾನಾಗಿ ಬೆಳೆದಿದೆ ಎಂದೇ ನಾನು ತಿಳಿಯುತ್ತೇನೆ.

ಉತ್ತರ 2:
ಬಿಸ್ಕತ್ತಿನ ಬಗ್ಗೆ: ಜಪಾನಿನಲ್ಲಿ ಪ್ರವಾಸದಿಂದ ಮರಳುವವರು ಸಹೋದ್ಯೋಗಿಗಳಿಗೆ ಹಂಚಲೆಂದು 'ಒಮಿಯಾಗೆ' ಎಂಬ ಉಡುಗೊರೆ ತರುವುದು ವಾಡಿಕೆ, ಮತ್ತು ಒಬ್ಬೊಬ್ಬರಿಗೆ ಒಂದೊಂದು ಕೊಡಲು ಬಿಡಿ ಹೊದಿಕೆ ಬೇಕಾಗುತ್ತದೆ. ಇಂಥದ್ದೇ ವೈರುಧ್ಯವನ್ನು ದಕ್ಷಿಣ ಕೊರಿಯಾದಲ್ಲಿಯೂ ಕಂಡಿದ್ದೇನೆ. 1995ರಿಂದ ಅಲ್ಲಿ ಮನೆಯ ಕಸವನ್ನು ಹಣ ಕೊಟ್ಟು ಕೊಂಡ ಚೀಲದಲ್ಲಿಯೇ ಹಾಕಬೇಕು; ಅನೇಕ ವಸತಿ ಸಮುಚ್ಚಯಗಳಲ್ಲಿ ಆಹಾರದ ಕಸವನ್ನು ಯಂತ್ರ ತೂಗಿ, ತೂಕಕ್ಕೆ ತಕ್ಕಂತೆ ಶುಲ್ಕ ವಿಧಿಸುತ್ತದೆ. ಆದರೆ ಅದೇ ಜನ ಹೋಟೆಲಿನಲ್ಲಿ ಊಟಕ್ಕೆ ಕುಳಿತರೆ ಕೇಳದೆಯೇ ಹತ್ತಾರು ಬಟ್ಟಲುಗಳಲ್ಲಿ ವ್ಯಂಜನಗಳು ಬರುತ್ತವೆ, ಎಷ್ಟೋ ಸಲ ಮಿಕ್ಕುತ್ತವೆ. ತನಗಾಗಿ ಬಳಸುವಾಗ ಮಿತಿ, ಇನ್ನೊಬ್ಬರಿಗೆ ಕೊಡುವಾಗ ಧಾರಾಳ. ಕಾನೂನು ಮೊದಲನೆಯದನ್ನು ತಿದ್ದಬಲ್ಲದು. ಎರಡನೆಯದು ಗೌರವದ ಪ್ರಶ್ನೆಯಾದ್ದರಿಂದ ಅಷ್ಟು ಸುಲಭವಾಗಿ ಬದಲಾಗದು.

ಉತ್ತರ 3:
ಇನ್ನೊಬ್ಬರಿಗೆ ಕೊಡುವಾಗಿನ ಧಾರಾಳವೂ ಬದಲಾಗುತ್ತದೆ, ಆದರೆ ಅದಕ್ಕೆ ನಿಜವಾದ ಅಭಾವ ಬರಬೇಕು. 2018ರ ಬರದಲ್ಲಿ ದಕ್ಷಿಣ ಆಫ್ರಿಕಾದ ಕೇಪ್ ಟೌನ್ ನಗರವು ತಲೆಗೆ ದಿನಕ್ಕೆ 50 ಲೀಟರ್ ನೀರಿನ ಮಿತಿ ಹಾಕಿದ್ದಾಗ ನಾನು ಅಲ್ಲಿದ್ದೆ. ಅತಿಥಿಗೆ ಯಾವ ಕೊರತೆಯೂ ಆಗಬಾರದೆಂದು ನಡೆಯುವ ಹೋಟೆಲಿನವರೇ ಸ್ನಾನದ ತೊಟ್ಟಿಯ ಬಿರಡೆಯನ್ನು ತೆಗೆದಿಟ್ಟಿದ್ದರು. ಶವರ್‌ನ ಕೆಳಗೆ ಒಂದು ಬಕೆಟ್ ಇತ್ತು. ಅದರಲ್ಲಿ ಸೇರಿದ ನೀರನ್ನು ಶೌಚಾಲಯಕ್ಕೆ ಸುರಿಯಬೇಕಿತ್ತು. ಒಬ್ಬ ಅತಿಥಿಯೂ ಅದಕ್ಕೆ ಬೇಸರಪಟ್ಟದ್ದನ್ನು ನಾನು ಕಾಣಲಿಲ್ಲ.