ಅಪ್‌ಡೇಟ್: ಹಟ್ಟಿಗೆ ಹಂಚೇ ಉಳಿಯಿತು

ಉಡುಪಿ ಸಮೀಪದ ನಮ್ಮ ಹಳೆಯ ದನದ ಹಟ್ಟಿಯ ಮಾಡು (ಛಾವಣಿ) ಕುಸಿಯುತ್ತಿದೆ, ಹಂಚು ತೆಗೆದು ತಗಡಿನ ಶೀಟು ಹಾಕಲೇ ಎಂದು ಕೇಳಿದ್ದೆ. ಬೇಡವೆಂದು ತಡೆದ ಎಲ್ಲರಿಗೂ ಮನಸಾರೆ ಕೃತಜ್ಞತೆ.

ಇಳಿಸಿ ನೋಡಿದರೆ ಹೆಚ್ಚಿನ ಹಂಚುಗಳಿಗೆ ಏನೂ ಆಗಿರಲಿಲ್ಲ. ಗೆದ್ದಲು ಹಿಡಿದದ್ದು ರೀಪುಗಳಿಗೆ, ಅಂದರೆ ಹಂಚು ಕೂರುವ ಮರದ ಪಟ್ಟಿಗಳಿಗೆ. ನೀರಿಳಿದು ಕುಂಬಾಗಿದ್ದದ್ದು (ಕೊಳೆತದ್ದು) ರೀಪುಗಳನ್ನು ಹೊರುವ ಓರೆ ಮರಗಳಾದ ಪಕ್ಕಾಸುಗಳ, ಗೋಡೆಯ ಮೇಲೆ ಕೂರುವ ತುದಿ. ಗಟ್ಟಿಯಿದ್ದ ಹಲಸಿನ ಪಕ್ಕಾಸುಗಳನ್ನು ಉಳಿಸಿ, ರೀಪುಗಳನ್ನೆಲ್ಲ ಬದಲಿಸಿದೆವು. ಹಂಚುಗಳ ಪಾಚಿ ತಿಕ್ಕಿ, ಒಂದೊಂದನ್ನೂ ತಟ್ಟಿ, ಬಿರುಕಿಲ್ಲದೆ ಠಣ್ ಎಂದವನ್ನು ಮಾತ್ರ ಮೇಲೇರಿಸಿದೆವು. 1865ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆ ಮಂಗಳೂರಿನಲ್ಲಿ ಆರಂಭಿಸಿದ ಈ ಹಂಚಿನ ಕಸುಬಿನ ಮೇಲೆ ನನಗೀಗ ಅಪಾರ ಗೌರವ. ಹೊಸ ಹಂಚು ಬೆರೆಸುವವರು ಮೊದಲು ಅಳತೆ ನೋಡಿ. ಹಂಚುಗಳ ಕೊಂಡಿ ಒಂದಕ್ಕೊಂದು ಕೂರದಿದ್ದರೆ ಸೋರುವುದು ಖಂಡಿತ.

ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆಗೆ ಸಿಮೆಂಟ್ ಬಳಿಯದೆ ಸುಣ್ಣದ ಗಾರೆಯನ್ನೇ ಹಾಕಿಸಿದ್ದೇವೆ. ದನಗಳು ಮರಳಿವೆ. ಮಳೆಗಾಲಕ್ಕೆ ಮುನ್ನ ಮಾಡಿನಂಚಿಗೆ ದಂಬೆ (ಮಳೆನೀರು ಹರಿದುಹೋಗುವ ದೋಣಿ) ಕಟ್ಟುವುದೊಂದು ಬಾಕಿ.